ಎರವಲು ಕೊಡಲಿಯೂ ಐದನೆಯ ಗುಬ್ಬಿಯೂ

ಪ್ರಶ್ನೆ: ಬೀಗದ ಕೈ ಸಿಗದಿದ್ದಾಗ, ಕೆಲಸದ ನಡುವೆ ತಲೆನೋವು ಬಂದಾಗ, ಯಾರಿಗಾದರೂ ಕಠಿಣವಾದ ಮಾತೊಂದನ್ನು ಹೇಳಬೇಕಾಗಿ ಬಂದಾಗ ನಾನು ಪ್ರಾರ್ಥಿಸುತ್ತೇನೆ. ಲೋಕವನ್ನೇ ಆಳುವವನನ್ನು ಇಂಥ ಕ್ಷುಲ್ಲಕ ವಿಷಯಗಳಿಗೆ ಕರೆಯುವುದು ಮಕ್ಕಳಾಟವೆಂದು ನನ್ನ ಅಣ್ಣ ಹೇಳುತ್ತಾರೆ. ಈಚೆಗೆ ನನಗೂ ಸಂಶಯ ಹುಟ್ಟಿದೆ. ಪ್ರಾರ್ಥಿಸಿದ ಸ್ವಲ್ಪ ಹೊತ್ತಿಗೆ ನನ್ನ ಬೀಗದ ಕೈ ಸಿಕ್ಕಿತು. ಅದೇ ವಾರ, ನಮ್ಮ ಸಭೆಯವರೆಲ್ಲ ತಿಂಗಳುಗಟ್ಟಲೆ ಪ್ರಾರ್ಥಿಸಿದ್ದ ಮಗುವೊಂದು ತೀರಿಕೊಂಡಿತು. ಬೀಗದ ಕೈಯನ್ನು ಹುಡುಕಿಕೊಟ್ಟ ದೇವರು ಮಗುವನ್ನೇಕೆ ಉಳಿಸಲಿಲ್ಲ? ಈಗ ದೇವರಿಗೆ ಕೃತಜ್ಞತೆ ಹೇಳಲೂ ಮನಸ್ಸು ಹಿಂಜರಿಯುತ್ತದೆ.
— ಒಬ್ಬ ಓದುಗರು

ಉತ್ತರ: ನಿಮ್ಮ ಅಣ್ಣನವರ ಮಾತಿನಲ್ಲಿ ದೇವರ ಬಗ್ಗೆ ಗೌರವವಿದೆ. ಆದರೆ ಆ ಗೌರವವು ದೇವರನ್ನು, ಒಂದು ಕಡತವನ್ನು ನೋಡಬೇಕಾದರೆ ಇನ್ನೊಂದನ್ನು ಬದಿಗಿಡಲೇಬೇಕಾದ ಅಧಿಕಾರಿಯಂತೆ ಕಲ್ಪಿಸಿಕೊಂಡಿದೆ. ದೊಡ್ಡದಕ್ಕೆ ಸಮಯ ಸಾಲದೆಂದು ಚಿಕ್ಕದನ್ನು ಬಿಡುವುದು ನಮ್ಮ ಮಿತಿಯೇ ಹೊರತು ದೇವರ ಮಹಿಮೆಯಲ್ಲ.

ಬೈಬಲಿನ ಎರಡನೆಯ ಅರಸುಗಳ ಪುಸ್ತಕದ 6ನೆಯ ಅಧ್ಯಾಯದ ಮೊದಲ ಏಳು ವಚನಗಳನ್ನು ಓದಿ ನೋಡಿ. ವಾಸಕ್ಕೆ ಜಾಗ ಸಾಲದೆ ಪ್ರವಾದಿಗಳ ಶಿಷ್ಯರು ಯೊರ್ದನ್ ಹೊಳೆಯ ದಡದಲ್ಲಿ ಮರ ಕಡಿಯುತ್ತಿರುವಾಗ ಒಬ್ಬನ ಕೊಡಲಿಯ ಕಬ್ಬಿಣ ಕಳಚಿ ನೀರಿಗೆ ಬೀಳುತ್ತದೆ. ಅವನು ಪ್ರವಾದಿ ಎಲೀಷನನ್ನು ಕೂಗಿ ಹೇಳುವುದು ಅದು ಎರವಲು ತಂದದ್ದು ಎಂಬ ಒಂದೇ ಸಂಕಟವನ್ನು. ಹಿಂದಿನ ಅಧ್ಯಾಯದಲ್ಲಿ ಸೇನಾಪತಿಯೊಬ್ಬನ ಕುಷ್ಠ ವಾಸಿಯಾಗಿದೆ. ಮುಂದಿನ ವಚನದಿಂದಲೇ ಯುದ್ಧದ ಕಥೆ ತೊಡಗುತ್ತದೆ. ಆ ಎರಡರ ನಡುವೆ, ಎರವಲು ತಂದ ವಸ್ತುವನ್ನು ಹೇಗೆ ಹಿಂದಿರುಗಿಸಲಿ ಎಂದು ಕಂಗಾಲಾದ ಒಬ್ಬ ಬಡ ಶಿಷ್ಯನಿಗಾಗಿ ಕಬ್ಬಿಣ ತೇಲಿತೆಂಬುದನ್ನು ಬರೆದವರು ಬಿಡದೆ ಬರೆದಿಟ್ಟಿದ್ದಾರೆ. ಅಲ್ಲಿ ನನಗೆ ಬಹಳ ಹಿಡಿಸುವ ಸಂಗತಿ ಇನ್ನೊಂದಿದೆ: ಎಲೀಷನು ಮೊದಲು ಅದು ಎಲ್ಲಿ ಬಿತ್ತೆಂದು ಕೇಳುತ್ತಾನೆ, ತೇಲಿದ ಮೇಲೆ ನೀನೇ ಎತ್ತಿಕೋ ಎನ್ನುತ್ತಾನೆ. ಆದ್ದರಿಂದ ಪ್ರಾರ್ಥಿಸುತ್ತಲೇ ಬೀಗದ ಕೈಗಾಗಿ ಮೇಜಿನ ಕೆಳಗೆ ಬಗ್ಗಿ ನೋಡುವುದು ಅವಿಶ್ವಾಸವಲ್ಲ.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ಯೇಸು ಹೇಳಿದ ಗುಬ್ಬಿಗಳ ಮಾತು ಸುವಾರ್ತೆಗಳಲ್ಲಿ ಎರಡು ಕಡೆ ಬರುತ್ತದೆ. ಮತ್ತಾಯನಲ್ಲಿ ಒಂದು ದುಡ್ಡಿಗೆ ಎರಡು ಗುಬ್ಬಿ. ಲೂಕನಲ್ಲಿ ಎರಡು ದುಡ್ಡಿಗೆ ಐದು. ಲೆಕ್ಕ ಹಾಕಿದರೆ ಐದನೆಯದು ಕೊಸರು, ಅದಕ್ಕೆ ಬೆಲೆಯೇ ಇಲ್ಲ. ಆದರೂ ಅವುಗಳಲ್ಲಿ ಒಂದನ್ನೂ ದೇವರು ಮರೆತಿಲ್ಲ ಎನ್ನುತ್ತಾನೆ ಯೇಸು. ಆದರೆ ಗುಬ್ಬಿ ನೆಲಕ್ಕೆ ಬೀಳುವುದೇ ಇಲ್ಲವೆಂದು ಆತನು ಎಲ್ಲಿಯೂ ಹೇಳಲಿಲ್ಲ. ತಂದೆಯನ್ನು ಬಿಟ್ಟು ಬೀಳುವುದಿಲ್ಲ ಎಂದಷ್ಟೇ ಹೇಳಿದನು. ಮತ್ತಾಯನ 10ನೆಯ ಅಧ್ಯಾಯದಲ್ಲಿ ಈ ಮಾತನ್ನು ಕೇಳಿಸಿಕೊಂಡವರು, ನಿಮ್ಮನ್ನು ಹಿಡಿದುಕೊಡುವರು, ಹೊಡೆಯುವರು ಎಂಬ ಎಚ್ಚರಿಕೆಯನ್ನು ಆಗತಾನೇ ಕೇಳಿದ್ದ ಶಿಷ್ಯರು. ಗುಬ್ಬಿಗಳ ಮಾತಿನ ಜೊತೆಗೇ ಯೇಸು ಕೊಟ್ಟ, ತಲೆಯ ಕೂದಲುಗಳೆಲ್ಲ ಎಣಿಕೆಯಾಗಿವೆ ಎಂಬ ಭರವಸೆ ಏಟು ಬೀಳದೆಂಬ ಭರವಸೆಯಾಗಿ ಅವರಿಗೆ ಕೇಳಿಸಿರಲಾರದು.

ಹಾಗಾದರೆ ಮಗು ಏಕೆ ತೀರಿಕೊಂಡಿತು? ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಇದೆಯೆಂದು ನಟಿಸುವವರ ಮಾತನ್ನು ನೀವು ನಂಬುವುದೂ ಬೇಡ. ಪ್ರಾರ್ಥನೆ ಸಾಲಲಿಲ್ಲ, ನಂಬಿಕೆ ಕಡಿಮೆಯಿತ್ತು ಎಂಬ ವಿವರಣೆಗಳು ಕ್ರೂರವಾದವು. ತೀರಿಕೊಂಡ ಗೆಳೆಯ ಲಾಜರನನ್ನು ಮತ್ತೆ ಬದುಕಿಸಿ ಎಬ್ಬಿಸಲಿದ್ದೇನೆಂದು ಬಲ್ಲ ಯೇಸುವೇ ಅವನ ಸಮಾಧಿಯ ದಾರಿಯಲ್ಲಿ ಕಣ್ಣೀರಿಟ್ಟನು. ಆದರೆ ಒಂದನ್ನು ಹೇಳಬಲ್ಲೆ: ನಿಮಗೆ ಸಿಕ್ಕ ಬೀಗದ ಕೈ ಆ ಮಗುವಿನ ಪಾಲಿನಿಂದ ತೆಗೆದುಕೊಟ್ಟದ್ದಲ್ಲ. ದೇವರ ಗಮನವೆಂಬುದು ಒಬ್ಬರಿಗೆ ಹೆಚ್ಚು ಬಡಿಸಿದರೆ ಇನ್ನೊಬ್ಬರಿಗೆ ಕಡಿಮೆಯಾಗುವ ಪಾತ್ರೆಯಲ್ಲ. ಸಿಕ್ಕದ್ದಕ್ಕೆ ಕೃತಜ್ಞತೆ ಹೇಳಿ, ಆದರೆ ಅದನ್ನು ದೇವರು ನಿಮ್ಮ ಕಡೆಗಿದ್ದಾನೆಂಬುದಕ್ಕೆ ಪುರಾವೆಯಾಗಿ ಇಟ್ಟುಕೊಳ್ಳಬೇಡಿ. ಹಾಗೆ ಇಟ್ಟುಕೊಂಡರೆ, ಬೀಗದ ಕೈ ಸಿಗದ ದಿನ ಆತನು ನಿಮ್ಮನ್ನು ಬಿಟ್ಟುಹೋದನೆಂದು ಅದೇ ಪುರಾವೆ ಹೇಳತೊಡಗುತ್ತದೆ.

ಚಿಕ್ಕ ವಿಷಯಗಳಿಗೆ ಪ್ರಾರ್ಥಿಸುವುದನ್ನು ನಿಲ್ಲಿಸಬೇಡಿರೆಂದೇ ನನ್ನ ಸಲಹೆ. ದಿನವೂ ಮಾತನಾಡಿ ಅಭ್ಯಾಸವಿರುವವರ ಬಳಿ ದುಃಖದ ದಿನವೂ ಬಾಯಿ ಬರುತ್ತದೆ. ಬರೀ ದೊಡ್ಡ ಆಪತ್ತಿಗೆಂದು ದೇವರನ್ನು ಕಾದಿರಿಸಿದರೆ, ಆಪತ್ತು ಬಂದಾಗ ಅಪರಿಚಿತನ ಬಾಗಿಲು ತಟ್ಟಿದಂತಾಗುತ್ತದೆ. ನೀವು ಈ ಪತ್ರದಲ್ಲಿ ನನಗೆ ಬರೆದ ಸಂಶಯವನ್ನು, ಕೋಪವಿದ್ದರೆ ಕೋಪವನ್ನೂ ಸೇರಿಸಿ, ಹಾಗೆಯೇ ಆತನ ಮುಂದೆ ಹೇಳಿಕೊಳ್ಳಿ.

ಆ ತಂದೆತಾಯಿಯರ ಮನೆಗೆ ಹೋಗಿ ಬನ್ನಿ. ಅಲ್ಲಿ ಬೀಗದ ಕೈಯ ವಿಷಯ ಎತ್ತಬೇಡಿ, ಗುಬ್ಬಿಗಳ ವಚನವನ್ನೂ ಓದಿ ಹೇಳಬೇಡಿ. ಮಗುವಿನ ಹೆಸರನ್ನು ಹೇಳಿ, ಅವರು ಅದರ ಬಗ್ಗೆ ಮಾತನಾಡಬಯಸಿದರೆ ಎಷ್ಟು ಹೊತ್ತಾದರೂ ಕೂತು ಕೇಳಿ.