ಎಂಜಿಬಿ ಕಾರಿನ ಲಿವರ್ ಶಾಕ್ ಅಬ್ಸಾರ್ಬರ್ ತೆಗೆದು ಟೆಲಿಸ್ಕೋಪಿಕ್ ಹಾಕುವುದು ಒಳ್ಳೆಯದೇ?

ನಿಮ್ಮ 1967ರ ಎಂಜಿಬಿಯ (ಬ್ರಿಟಿಷ್ ಸ್ಪೋರ್ಟ್ಸ್ ಕಾರು) ಮೂತಿ ಪ್ರತಿ ಉಬ್ಬು ದಾಟಿದ ಮೇಲೂ ಕುಣಿಯುತ್ತಲೇ ಇರುತ್ತದೆ, ಮುಂದಿನ ಶಾಕ್ ಅಬ್ಸಾರ್ಬರ್‌ಗಳಿಂದ ಎಣ್ಣೆ ಜಿನುಗುತ್ತಿದೆ, ಹಳೆಯ ಲಿವರ್ ಮಾದರಿಯನ್ನು (ತೋಳು ಆಡಿದಂತೆ ಒಳಗಿನ ಎಣ್ಣೆ ಕುಲುಕಾಟ ತಡೆಯುವಂಥದ್ದು) ಎಸೆದು ಟೆಲಿಸ್ಕೋಪಿಕ್ (ಒಂದರೊಳಗೊಂದು ಜಾರುವ ಕೊಳವೆಯ ಮಾದರಿ) ಹಾಕಲೇ ಎಂದು ಕೇಳಿದ್ದೀರಿ. ಮುಂದಿನವನ್ನಂತೂ ಎಸೆಯಬೇಡಿ. ಸರಿಯಾಗಿ ದುರಸ್ತಿಯಾದ ಲಿವರ್ ಮಾದರಿಯನ್ನೇ ಹಾಕಿ. ಹಿಂದಿನದು ನಿಮ್ಮ ಇಷ್ಟ.

ಈ ಕಾರಿನ ಮುಂಭಾಗದ ಆರ್ಮ್‌ಸ್ಟ್ರಾಂಗ್ ಕಂಪನಿಯ ಲಿವರ್ ಘಟಕಕ್ಕೆ ಕುಲುಕಾಟ ತಡೆಯುವುದೊಂದೇ ಕೆಲಸವಲ್ಲ. ಅದರ ಜೋಡಿ ತೋಳೇ ಸಸ್ಪೆನ್ಷನ್ನಿನಲ್ಲಿ ಚಕ್ರವನ್ನು ಹಿಡಿಯುವ ಮೇಲಿನ ಕವಲು, ಅಂದರೆ ವಿಶ್‌ಬೋನ್. ಚಕ್ರ ಎಡಬಲಕ್ಕೆ ತಿರುಗುವ ಅಚ್ಚಾದ ಕಿಂಗ್ ಪಿನ್ನಿನ ಮೇಲ್ತುದಿಯನ್ನು ಹಿಡಿದು ನಿಲ್ಲಿಸುವುದೂ ಅದೇ. ಕೆಲವು ಟೆಲಿಸ್ಕೋಪಿಕ್ ಕಿಟ್‌ಗಳಲ್ಲಿ ಹಳೆಯ ಘಟಕವನ್ನು ಅಲ್ಲಿಯೇ ಉಳಿಸಿ, ಒಳಗಿನ ಕವಾಟ ತೆಗೆದು, ಪಕ್ಕದಲ್ಲಿ ಹೊಸದೊಂದನ್ನು ಜೋಡಿಸುತ್ತಾರೆ. ತೋಳು ತಿರುಗುವ ಶಾಫ್ಟ್ ಸವೆದಿದ್ದರೆ ಆ ಸಡಿಲ ಇದ್ದಂತೆಯೇ ಇರುತ್ತದೆ, ದುಡ್ಡು ಮಾತ್ರ ಹೋಗಿರುತ್ತದೆ.

ಎಣ್ಣೆ ಸೋರುವುದರ ಮೂಲವೂ ಸಾಮಾನ್ಯವಾಗಿ ಅಲ್ಲಿಯೇ. ಶಾಫ್ಟ್ ತನ್ನ ಗೂಡಿನಲ್ಲಿ ಅಲುಗಾಡತೊಡಗಿದರೆ ಯಾವ ಸೀಲೂ ಎಣ್ಣೆಯನ್ನು ಹಿಡಿದಿಡಲಾರದು. ಹಾಗಾಗಿ ಮೇಲಿನ ಪ್ಲಗ್ ಬಿಚ್ಚಿ ಎಣ್ಣೆ ತುಂಬಿಸಿದರೆ ಕೆಲಕಾಲ ನೆಮ್ಮದಿ, ಆಮೇಲೆ ಮತ್ತದೇ ರಾಗ. ದುರಸ್ತಿಯಾದದ್ದನ್ನು ಕೊಳ್ಳುವಾಗ ಬಣ್ಣದ ಹೊಳಪಿಗೆ ಮರುಳಾಗಬೇಡಿ. ಶಾಫ್ಟಿಗೆ ಹೊಸ ಬುಷ್ (ಒಳಪದರದ ಬಳೆ) ಕೂರಿಸಿದ್ದೀರಾ, ಸೀಲ್ ಯಾವುದು ಎಂದು ಕೇಳಿ. ಉತ್ತರ ತಡವರಿಸಿದರೆ ಬೇರೆಯವರನ್ನು ನೋಡಿ. ಕೈಗೆ ಬಂದ ಮೇಲೆ ವೈಸ್‌ನಲ್ಲಿ ನೆಟ್ಟಗೆ ಹಿಡಿದು ತೋಳನ್ನು ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ಆಡಿಸಿ. ಪೂರ್ತಿ ದೂರಕ್ಕೂ ಒಂದೇ ಸಮನಾದ, ಜಿಗುಟಾದ ಬಿಗಿ ಸಿಗಬೇಕು. ನಡುವೆ ಎಲ್ಲಾದರೂ ತಟಕ್ಕನೆ ಹಗುರಾದರೆ ಒಳಗೆ ಗಾಳಿ ಸೇರಿದೆ. ಎಣ್ಣೆ ಸೇರಿಸುತ್ತಾ ಆಡಿಸುತ್ತಿದ್ದರೆ ಹೋಗುತ್ತದೆ. ಕಾರಿಗೆ ಏರುವವರೆಗೂ ಅದನ್ನು ಮಲಗಿಸಬೇಡಿ.

ಇನ್ನು ಬಿಚ್ಚುವ ಕೆಲಸ. ಇಲ್ಲಿ ಒಂದೇ ಒಂದು ವಿಷಯಕ್ಕೆ ಹೆದರಬೇಕು, ಅದು ಕಾಯಿಲ್ ಸ್ಪ್ರಿಂಗ್. ಮೇಲಿನ ತೋಳು ಕಳಚಿದ ಕೂಡಲೇ ಸ್ಪ್ರಿಂಗನ್ನು ಅದುಮಿ ಹಿಡಿಯಲು ಮೇಲುಗಡೆ ಏನೂ ಉಳಿಯುವುದಿಲ್ಲ. ಕಾರಿನ ಚಾಸಿಯನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಚಕ್ರ ತೆಗೆದು, ಸ್ಪ್ರಿಂಗ್ ಕುಳಿತ ಕೆಳಗಿನ ತಟ್ಟೆಯ ಅಡಿ ಇನ್ನೊಂದು ಜಾಕ್ ಕೊಡಿ. ಮೇಲಿನ ತೋಳು ತನ್ನ ರಬ್ಬರ್ ತಡೆಯಿಂದ ತುಸು ಮೇಲೇಳುವಷ್ಟು ಎತ್ತಿ. ಹೊಸದು ಕೂತು ಬಿಗಿಯಾಗುವವರೆಗೆ ಆ ಜಾಕನ್ನು ಯಾರೂ ಮುಟ್ಟಕೂಡದು. ಚಕ್ರ ಕೂರುವ ಹಬ್ ಅನ್ನು ತಂತಿಯಿಂದ ಮೇಲಕ್ಕೆ ಕಟ್ಟಿ. ಅದು ಹೊರಕ್ಕೆ ವಾಲಿದರೆ ಭಾರವೆಲ್ಲ ಬ್ರೇಕಿನ ರಬ್ಬರ್ ಕೊಳವೆಯ ಮೇಲೆ ಬೀಳುತ್ತದೆ. ಆಮೇಲೆ ಟ್ರನಿಯನ್ನಿನ (ಕಿಂಗ್ ಪಿನ್ನನ್ನು ಮೇಲಿನ ತೋಳಿಗೆ ಸೇರಿಸುವ ಕೀಲು) ಉದ್ದನೆಯ ಬೋಲ್ಟ್, ಕೊನೆಗೆ ಘಟಕವನ್ನು ಕಾರಿನ ಅಡ್ಡತೊಲೆಯಾದ ಕ್ರಾಸ್‌ಮೆಂಬರ್‌ಗೆ ಹಿಡಿದಿರುವ ನಾಲ್ಕು ಬೋಲ್ಟ್‌ಗಳು. ಇವೆಲ್ಲ ಇಂಚಿನ ಅಳತೆಯವು. ಹತ್ತಿರದ ಮಿಲಿಮೀಟರ್ ಸ್ಪ್ಯಾನರ್‌ನಿಂದ ಸುಧಾರಿಸಲು ಹೊರಟರೆ ಬೋಲ್ಟಿನ ತಲೆ ದುಂಡಗಾಗುತ್ತದೆ. ಮೇಲಿನ ಟ್ರನಿಯನ್ನಿನ ರಬ್ಬರ್ ಬುಷ್‌ಗಳನ್ನು ಇದೇ ಸಂದರ್ಭದಲ್ಲಿ ಬದಲಿಸಿಬಿಡಿ, ಅಗ್ಗದ ವಸ್ತು. ಅವುಗಳ ನಟ್ಟನ್ನು ಪೂರ್ತಿ ಬಿಗಿಯುವುದು ಕಾರು ತನ್ನ ಚಕ್ರಗಳ ಮೇಲೆ ನಿಂತ ನಂತರವೇ. ಇಲ್ಲದಿದ್ದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಹಿಂಭಾಗ ಸುಲಭ. ಅಲ್ಲಿ ಆಕ್ಸಲ್ಲನ್ನು ಲೀಫ್ ಸ್ಪ್ರಿಂಗ್‌ಗಳು ಹಿಡಿದಿರುತ್ತವೆ, ಶಾಕ್ ಅಬ್ಸಾರ್ಬರ್ ಒಂದು ಕೊಂಡಿಯ ಮೂಲಕ ಅದಕ್ಕೆ ಸೇರಿರುತ್ತದೆ, ಅಷ್ಟೇ. ಎಷ್ಟೋ ಸಲ ಹಾಳಾಗಿರುವುದು ಆ ಕೊಂಡಿಯ ರಬ್ಬರ್ ಮಾತ್ರ. ಲಟಲಟ ಸದ್ದು ಬರುತ್ತಿದ್ದರೆ ಮೊದಲು ಅದನ್ನು ನೋಡಿ. ಟೆಲಿಸ್ಕೋಪಿಕ್ ಹಾಕುವ ಆಸೆ ಇದ್ದೇ ಇದ್ದರೆ ಇಲ್ಲಿ ಹಾಕಿ, ನಷ್ಟವಿಲ್ಲ. ಆದರೆ ಗಡುಸಾದದ್ದನ್ನು ಆರಿಸಿದರೆ ಸವಾರಿಯೂ ಗಡುಸಾಗುತ್ತದೆ. ಮುಂದಾಗಲಿ ಹಿಂದಾಗಲಿ, ಎಡಬಲ ಎರಡನ್ನೂ ಒಟ್ಟಿಗೇ ಬದಲಿಸಿ.