ಲಿನಕ್ಸ್ ಹಾಕಿದ ಕೂಡಲೇ ಯಾವ ಸಾಫ್ಟ್‌ವೇರ್ ಒಳಗೇ ಇರಬೇಕು?

ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಜೊತೆಗೆ ವಿಡಿಯೋ ನೋಡುವ ವಿಎಲ್‌ಸಿ, ಚಿತ್ರ ತಿದ್ದುವ ಗಿಂಪ್, ಕ್ರೋಮ್ ಬ್ರೌಸರ್ ಎಲ್ಲ ಮೊದಲೇ ಬರಬಾರದಾ ಎಂದು ಕೇಳಿದ್ದೀರಿ. ನಾನೂ ಒಂದು ಕಾಲಕ್ಕೆ ಇಂಥದ್ದೇ ಪಟ್ಟಿ ಹಿಡಿದುಕೊಂಡಿದ್ದೆ. ಈಗ ಕೇಳಿದರೆ, ಅವು ಯಾವುದೂ ಬೇಡ. ನೆಟ್ ಇದ್ದಾಗ ಇಳಿಸಿಕೊಂಡರಾಯಿತು. ಮೊದಲೇ ಇರಬೇಕಾದದ್ದು ಟೆಸ್ಟ್‌ಡಿಸ್ಕ್, ಅದರ ಜೊತೆಗೇ ಬರುವ ಫೋಟೋರೆಕ್. ಹೋದ ಫೈಲನ್ನು ಹುಡುಕಿ ತೆಗೆಯುವಂಥವು.

ಶಿರಸಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಸೊಸೈಟಿಗಳ ವಾರ್ಷಿಕ ವರದಿ, ಯಕ್ಷಗಾನ ಆಟದ ಹ್ಯಾಂಡ್‌ಬಿಲ್, ಇಂಥವೇ ಕೆಲಸ. ಊರಿನ ಭಾಗವತರೊಬ್ಬರು ಕೈಯಲ್ಲಿ ಬರೆದಿಟ್ಟ ಪ್ರಸಂಗಗಳನ್ನು ಒಂದು ಮಳೆಗಾಲವಿಡೀ ಕೂತು ಟೈಪ್ ಮಾಡಿದ್ದೆ. ಆ ಫೋಲ್ಡರನ್ನೇ ಹಳೇ ಕಾಪಿ ಅಂದುಕೊಂಡು ಶಿಫ್ಟ್-ಡಿಲೀಟ್ ಹೊಡೆದೆ. ಟ್ರ್ಯಾಶ್‌ಗೂ ಹೋಗಲಿಲ್ಲ.

ಅಷ್ಟಕ್ಕೇ ಏನೂ ಮುಳುಗಿರಲಿಲ್ಲ. ಡಿಲೀಟ್ ಮಾಡಿದರೆ ಹಾರ್ಡ್‌ಡಿಸ್ಕ್‌ನಲ್ಲಿರುವುದು ಕೂಡಲೇ ಅಳಿಯುವುದಿಲ್ಲ. ಆ ಜಾಗ ಖಾಲಿ ಎಂದು ಗುರುತು ಬೀಳುತ್ತದೆ, ಅಷ್ಟೆ. ಬೇರೆ ಏನಾದರೂ ಬಂದು ಕೂರುವ ತನಕ ಹಳೇದು ಅಲ್ಲೇ ಇರುತ್ತದೆ. ನಾನೇ ತಂದು ಕೂರಿಸಿದೆ! ಟೆಸ್ಟ್‌ಡಿಸ್ಕ್ ಇರಲಿಲ್ಲವಲ್ಲ, ಇನ್‌ಸ್ಟಾಲ್ ಮಾಡಲು ಹೊರಟೆ. ಅದು ಸಣ್ಣ ಪ್ಯಾಕೇಜ್. ಅದೊಂದನ್ನೇ ಹಾಕಿದ್ದರೆ ಹೆಚ್ಚಿನದು ಉಳಿಯುತ್ತಿತ್ತೇನೋ. ಆದರೆ ಯಾವಾಗಲಿನ ಚಾಳಿ, ಮೊದಲು ಸುಡೋ ಆಪ್ಟ್ ಅಪ್‌ಗ್ರೇಡ್ ಕೊಟ್ಟೆ, ಅಂದರೆ ಇರುವ ಸಾಫ್ಟ್‌ವೇರನ್ನೆಲ್ಲ ಹೊಸದು ಮಾಡುವ ಕಮಾಂಡ್. ಮಳೆಗಾಲದಲ್ಲಿ ಇಲ್ಲಿ ಕರೆಂಟು ಇದ್ದರೆ ನೆಟ್ ಇಲ್ಲ, ನೆಟ್ ಇದ್ದರೆ ಕರೆಂಟಿಲ್ಲ. ಹಾಗಾಗಿ ಅಪ್‌ಡೇಟ್ ರಾಶಿ ಬಾಕಿ ಇತ್ತು. ಲಿನಕ್ಸಿನ ತಿರುಳಾದ ಕರ್ನಲ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎಲ್ಲ ಸಾಲಾಗಿ ಇಳಿದವು. ನಮ್ಮ ಫೈಲುಗಳಿರುವ ಹೋಮ್ ಫೋಲ್ಡರ್ ಬೇರೆ ಪಾರ್ಟಿಷನ್‌ನಲ್ಲಿ, ಅಂದರೆ ಡಿಸ್ಕ್‌ನ ಬೇರೆ ಭಾಗದಲ್ಲಿ ಇದ್ದಿದ್ದರೆ ಅವು ಆ ಕಡೆ ಕಾಲಿಡುತ್ತಿರಲಿಲ್ಲ. ನನ್ನದು ಇಡೀ ಡಿಸ್ಕ್‌ಗೆ ಒಂದೇ ಪಾರ್ಟಿಷನ್. ಪರದೆ ಮೇಲೆ ಸಾಲುಗಳು ಓಡುವುದನ್ನು ನಾನು ಚಾ ಕುಡಿಯುತ್ತ ನೋಡುತ್ತಿದ್ದೆ.

ಆಮೇಲೆ ಫೋಟೋರೆಕ್‌ಗೆ ಸಿಕ್ಕಿದ್ದು ಅರ್ಧಂಬರ್ಧ. ಅದು ಫೈಲಿನ ಹೆಸರನ್ನೂ ತರುವುದಿಲ್ಲ. ಎಫ್ ಅಕ್ಷರ, ಅದರ ಮುಂದೆ ಉದ್ದದ ನಂಬರ್. ಒಂದೊಂದೇ ತೆರೆದು ಇದು ಯಾವ ಪದ್ಯ ಎಂದು ಓದಬೇಕು. ಕೆಲವು ತೆರೆಯಲೇ ಇಲ್ಲ. ಪುಣ್ಯಕ್ಕೆ ಭಾಗವತರು ಮೂಲ ಪುಸ್ತಕ ಬಿಸಾಡಿರಲಿಲ್ಲ.

ಲಿನಕ್ಸಿನ ಒಂದು ಬಗೆಯಾದ ಲಿನಕ್ಸ್ ಮಿಂಟ್‌ನಲ್ಲಿ ಹಿಂದಿನ ಸ್ಥಿತಿಗೆ ಮರಳಿಸುವ ಟೈಮ್‌ಶಿಫ್ಟ್ ಇದೆಯಲ್ಲ ಅನ್ನಬೇಡಿ. ಅದು ಕಾಯುವುದು ಸಿಸ್ಟಮ್ ಫೈಲುಗಳನ್ನು. ನಾವಾಗಿ ಸೇರಿಸದಿದ್ದರೆ ಹೋಮ್ ಫೋಲ್ಡರಿನ ಕಡೆ ತಲೆ ಹಾಕುವುದಿಲ್ಲ.

ಬೇಕಾದ ಹೊತ್ತಿಗೆ ಇಳಿಸಿಕೊಳ್ಳಲು ಆಗದ್ದು ಮಾತ್ರ ಒಳಗಿರಲಿ, ನನ್ನ ವಾದ ಇಷ್ಟೇ. ವೈಫೈ ಚಿಪ್ ಓಡಲು ಬೇಕಾದ ಫರ್ಮ್‌ವೇರ್ ಕೂಡ ಅಂಥದ್ದೇ ಅಲ್ವಾ? ವೈಫೈ ಇಲ್ಲದೆ ಅದನ್ನು ಇಳಿಸೋದು ಹೇಗೆ? ಡೆಬಿಯನ್ ಎಂಬ ಲಿನಕ್ಸ್‌ನವರು 2023ರಲ್ಲಿ, 12ನೇ ಆವೃತ್ತಿಗೆ ಬಂದಾಗ ಅದನ್ನು ಇನ್‌ಸ್ಟಾಲರ್ ಒಳಗೇ ಸೇರಿಸಿದರು.

ನಿಮ್ಮ ಫೈಲ್ ಹೋದರೆ ಮೊದಲು ಮೆಷಿನ್ ಆಫ್ ಮಾಡಿ. ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸುವ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಟೆಸ್ಟ್‌ಡಿಸ್ಕ್ ಹಾಕಿ. ಆಗ ಅದು ಕೂರುವುದು ರ್‍ಯಾಮ್‌ನಲ್ಲಿ, ಡಿಸ್ಕ್‌ನಲ್ಲಲ್ಲ. ಸಿಕ್ಕಿದ್ದನ್ನು ಬೇರೆ ಡ್ರೈವ್‌ಗೆ ಇಳಿಸಿ. ಎಸ್‌ಎಸ್‌ಡಿ ಆದರೆ ಜಾಸ್ತಿ ಹೊತ್ತು ಇಲ್ಲ. ಉಬುಂಟು ಲಿನಕ್ಸ್‌ನಲ್ಲಿ ಟ್ರಿಮ್, ಅಂದರೆ ಖಾಲಿಯಾದ ಜಾಗವನ್ನು ಅಳಿಸಬಹುದೆಂದು ಎಸ್‌ಎಸ್‌ಡಿಗೆ ತಿಳಿಸುವ ಕೆಲಸ, ವಾರಕ್ಕೊಮ್ಮೆ ತಾನಾಗಿ ಓಡುತ್ತದೆ, ಓಡಿದ ಮೇಲೆ ಹೋಗಿದ್ದರ ಆಸೆ ಬಿಡಬೇಕು.