ಹೊಸ ದೇಶ, ಹೊಸ ಲ್ಯಾಬ್: ನಿಮ್ಮ ಪ್ರಶ್ನೆಗೆ

ಪಿಎಚ್‌ಡಿ ಮುಗಿಸಿ ಹೊರದೇಶಕ್ಕೆ ಪೋಸ್ಟ್‌ಡಾಕ್ ಆಗಿ ಹೊರಟಿದ್ದೀರಿ. ಕ್ಯಾನ್ಸರ್ ಕೋಶಗಳನ್ನು ಆಕ್ಸಿಡೇಟಿವ್ ಸ್ಟ್ರೆಸ್‌ನಿಂದ (ಆಮ್ಲಜನಕದಿಂದ ಹುಟ್ಟುವ ಹಾನಿಯಿಂದ) ಕಾಯುವ ಥಯೋರೆಡಾಕ್ಸಿನ್ ರಿಡಕ್ಟೇಸ್ ಅನ್ನುವ ಎಂಜೈಮ್‌ಗೆ ಇನ್‌ಹಿಬಿಟರ್, ಅಂದರೆ ಅದನ್ನು ತಡೆಯುವ ಅಣು, ತಯಾರಿಸುವ ಕೆಲಸ. ಇಲ್ಲಿ ಬದುಕು ಹೇಗಿರುತ್ತದೆ ಅಂತ ಕೇಳಿದ್ದೀರಿ. ಇಂಥದ್ದೇ ಕೆಲಸಕ್ಕೆ ಬಂದು ಇಲ್ಲೇ ನೆಲೆಸಿದವನು ನಾನು. ಬಾಡಿಗೆ ಮನೆ, ಒಂಟಿತನ ಎಲ್ಲ ಇದ್ದದ್ದೇ, ಹೇಗೋ ಹೊಂದಿಕೊಳ್ಳುತ್ತೀರಿ. ಕಷ್ಟ ಇರುವುದು ಲ್ಯಾಬ್ ಮೀಟಿಂಗ್‌ನಲ್ಲಿ. ಅಲ್ಲಿ ಸುಮ್ನೆ ಕೂತರೆ ಅದನ್ನು ಯಾರೂ ವಿನಯ ಅಂದುಕೊಳ್ಳುವುದಿಲ್ಲ, ಹೇಳುವುದಕ್ಕೆ ಏನೂ ಇಲ್ಲ ಅಂದುಕೊಳ್ಳುತ್ತಾರೆ. ಬಾಸ್‌ಗೆ ತುಂಬ ಇಷ್ಟವಾದ ಅಣುವಿನ ಬಗ್ಗೆಯೂ ಅನುಮಾನ ಇದ್ದರೆ ಎದುರಿಗೇ ಹೇಳಬೇಕು.

ನಮ್ಮ ಕೆಲಸದಲ್ಲಂತೂ ಅನುಮಾನ ಇಲ್ಲದೆ ನಡೆಯುವುದಿಲ್ಲ. ಈ ಎಂಜೈಮ್‌ನ ಬಾಲದ ತುದಿಯಲ್ಲಿ ಸೆಲೆನೋಸಿಸ್ಟೀನ್ ಅನ್ನುವ, ಸೆಲೆನಿಯಂ ಇರುವ ಅಮೈನೋ ಆಮ್ಲ ಇದೆ. ಅದು ಹೊರಗೆ ಚಾಚಿಕೊಂಡಿರುತ್ತದೆ, ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ. ಸಂಧಿವಾತಕ್ಕೆ ಅಂತ 1985ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಚಿನ್ನದ ಔಷಧಿ ಆರಾನೋಫಿನ್ ಕೂಡ ಅಲ್ಲೇ ಹೋಗಿ ಕೂರುತ್ತದೆ. ಹಾಗಾಗಿ ಎಂಜೈಮ್ ತಡೆಯುವ ಅಣು ಬೇಗ ಸಿಗುತ್ತದೆ. ಅದು ಬೇರೆಲ್ಲೂ ಅಂಟುತ್ತಿಲ್ಲ ಅಂತ ತೋರಿಸುವುದರಲ್ಲೇ ವರ್ಷಗಳು ಹೋಗುತ್ತವೆ. ಆರ್‌ಎಸ್‌ಎಲ್‌3 ಅನ್ನುವ ಅಣುವನ್ನು ಎಲ್ಲರೂ ಜಿಪಿಎಕ್ಸ್‌4 ಅನ್ನುವ ಇನ್ನೊಂದು ಸೆಲೆನಿಯಂ ಎಂಜೈಮ್‌ನ ಇನ್‌ಹಿಬಿಟರ್ ಅಂತಲೇ ಬಳಸುತ್ತಿದ್ದರು. ಅದು ಥಯೋರೆಡಾಕ್ಸಿನ್ ರಿಡಕ್ಟೇಸನ್ನೂ ತಡೆಯುತ್ತದೆ ಅಂತ ಆಮೇಲೆ ಗೊತ್ತಾಯಿತು.

ಪದೇ ಪದೇ ನೋಡುವ ಒಂದು ಸ್ಲೈಡ್ ಹೇಳುತ್ತೇನೆ. ಅಣು ಹಾಕಿದರೆ ಕೋಶಗಳು ಸತ್ತವು. ಜೊತೆಗೆ ಎನ್‌-ಅಸಿಟೈಲ್ ಸಿಸ್ಟೀನ್ ಅನ್ನುವ ಆಂಟಿಆಕ್ಸಿಡೆಂಟ್ ಹಾಕಿದರೆ ಬದುಕಿದವು. 'ನೋಡಿ, ಆಕ್ಸಿಡೇಟಿವ್ ಸ್ಟ್ರೆಸ್‌ನಿಂದಲೇ ಸತ್ತದ್ದು' ಅನ್ನುತ್ತಾರೆ. ಆದರೆ ಆ ಆಂಟಿಆಕ್ಸಿಡೆಂಟ್‌ನಲ್ಲಿ ಥಯಾಲ್ (ಗಂಧಕ ಇರುವ ಗುಂಪು) ಇದೆಯಲ್ವಾ? ನಿಮ್ಮ ಅಣು ಎಲೆಕ್ಟ್ರೋಫೈಲ್ (ಥಯಾಲ್‌ನಂಥವಕ್ಕೆ ಅಂಟುವ ಅಣು) ಆಗಿದ್ದರೆ ಕೋಶ ಬೆಳೆಸುವ ದ್ರವ, ಅಂದರೆ ಮೀಡಿಯಂನಲ್ಲೇ ಅದಕ್ಕೆ ಅಂಟಿ, ಕೋಶದೊಳಗೆ ಕಾಲಿಡದೇ ಇರಬಹುದು. ಕೋಶಗಳಿಲ್ಲದೆ ಎರಡನ್ನೂ ಬೆರೆಸಿ, ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್‌ಗೆ ಕೊಡಿ. ಎರಡೂ ಕೂಡಿದ ತೂಕಕ್ಕೆ ಪೀಕ್ ಬಂದರೆ ಆ ಸ್ಲೈಡನ್ನು ನಂಬುವ ಹಾಗಿಲ್ಲ. ಈ ಕಂಟ್ರೋಲ್ ಮಾಡಿದ್ದೀರಾ ಅಂತ ಮೊದಲ ಮೀಟಿಂಗ್‌ನಲ್ಲೇ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಆ ಲ್ಯಾಬ್ ಬಗ್ಗೆ ನಿಮಗೆ ಬೇಗ ಗೊತ್ತಾಯಿತು ಅಂತ ಇಟ್ಟುಕೊಳ್ಳಿ.

ಮೀಡಿಯಂನಲ್ಲಿ ಸೆಲೆನಿಯಂ ಎಷ್ಟಿದೆ ಅಂತಲೂ ನೋಡಿಕೊಳ್ಳಿ. ಕಡಿಮೆ ಇದ್ದರೆ ಕೋಶ ಈ ಎಂಜೈಮನ್ನು ಪೂರ್ತಿ ಕಟ್ಟುವುದೇ ಇಲ್ಲ, ನೀವು ಏನನ್ನು ತಡೆಯುತ್ತೀರಿ? ಥಯೋರೆಡಾಕ್ಸಿನ್ ದಾರಿ ಮುಚ್ಚಿದರೆ ಕೋಶದ ಇನ್ನೊಂದು ಆಂಟಿಆಕ್ಸಿಡೆಂಟ್ ಗ್ಲುಟಾಥಯೋನ್ ಆ ಕೆಲಸ ಹೊತ್ತುಕೊಳ್ಳುವುದೂ ಉಂಟು. ಬ್ಯೂಥಿಯೋನೀನ್ ಸಲ್ಫಾಕ್ಸಿಮೀನ್ ಹಾಕಿ ಅದನ್ನೂ ತಡೆದರೆ ಕ್ಯಾನ್ಸರ್ ಕೋಶ ಬೇಗ ಸಾಯುತ್ತದೆ. ಜೊತೆಗೆ ಒಳ್ಳೆಯ ಕೋಶಗಳಿಗೂ ಪೆಟ್ಟು ಬೀಳುತ್ತದೆ, ಅವನ್ನೂ ಪಕ್ಕದ ಪ್ಲೇಟ್‌ನಲ್ಲಿ ಇಟ್ಟು ನೋಡಿ.

ವೀಸಾ ಬಗ್ಗೆಯೂ ಕೇಳಿದ್ದಿರಿ. ಪೋಸ್ಟ್‌ಡಾಕ್ ವೀಸಾ ಸಾಮಾನ್ಯವಾಗಿ ಆ ಕೆಲಸಕ್ಕೇ ಅಂಟಿಕೊಂಡಿರುತ್ತದೆ. ನಿಮ್ಮ ಸಂಬಳದ ಗ್ರಾಂಟ್ ಇನ್ನೆಷ್ಟು ವರ್ಷ ಇದೆ ಅಂತ ಸಹಿ ಹಾಕುವ ಮೊದಲೇ ಬಾಸ್‌ನ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.